ಪಡಸಾಲೆಯ ಮಾತು: ಎರಡು ದಿನದ ಚಿಕಿತ್ಸೆ

ಈ ಸಲ ಪಡಸಾಲೆಯಲ್ಲಿ ಕುಳಿತು ಒಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಯಾರ ಮನೆಯ ವಿಷಯವೋ ಅವರ ಅಪ್ಪಣೆಯಿಲ್ಲದೆ ಬರೆಯುವುದು ನ್ಯಾಯವಲ್ಲವೆಂದು ಹೋದ ತಿಂಗಳು ಡೊಂಬಿವಲಿಗೆ ಹೋಗಿ ನಮ್ಮ ಅತ್ತೆಯನ್ನು ಕೇಳಿದೆ. ಅತ್ತೆಯೆಂದರೆ ಹೆಂಡತಿಯ ತಾಯಿಯಲ್ಲ, ನಮ್ಮ ತಂದೆಯವರ ಕಿರಿಯ ತಂಗಿ. ಧಾರವಾಡದ ವಾಡಿಕೆಯಂತೆ ನಾವು ‘ಅತ್ಯಾ’ ಎಂದು ಕರೆಯುವವಳು. ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಬರಿ. ಹೆಸರು ಹಾಕಬ್ಯಾಡ. ಅಚ್ಚಾದ ಮ್ಯಾಲೆ ಎರಡು ಪ್ರತಿ ತಂದು ಕೊಡು” ಎಂದಳು.

“ಎರಡು ಯಾಕ ಅತ್ಯಾ?”

“ಒಂದು ಓದಲಿಕ್ಕೆ, ಒಂದು ಇಡಲಿಕ್ಕೆ.”

ಹೇಳಿ ಆಕೆಯೂ ನಕ್ಕಳು, ನಾನೂ ನಕ್ಕೆ. ಈ ನಗೆಯವರೆಗೆ ಬರುವುದಕ್ಕೆ ನಮ್ಮಿಬ್ಬರಿಗೂ ವರ್ಷಗಳೇ ಹಿಡಿದವೆಂಬುದನ್ನು ವಾಚಕರು ಮುಂದೆ ಕಾಣುವರು.

ಕಥೆಗೆ ಮೊದಲಾದದ್ದು 2022ರ ಮಳೆಗಾಲದ ಒಂದು ಭಾನುವಾರ. ಮುಂಬಯಿಯ ಮಳೆ ನಮ್ಮವರಿಗೆ ಹೊಸದೇನಲ್ಲ. ಲೋಕಲ್ ಗಾಡಿಗಳು ನಿಂತು, ಬಂದ ನೆಂಟರು ಹಿಂದಿರುಗಲಾರದೆ, ಕಲಸಿದ ಅವಲಕ್ಕಿ ಸಾಲದೆ ಬಂದು, ಮನೆಮಂದಿಯೆಲ್ಲ ಟೆಲಿವಿಷನ್ನಿನ ಮುಂದೆ ಕೂಡುವಂಥ ದಿನ. ನಮ್ಮ ಮಗ ಅಮೆರಿಕದ ಒಂದು ಕಾರ್ಯಕ್ರಮ ಹಚ್ಚಿದ. ‘ಹೋರ್ಡರ್ಸ್’ ಎಂದು ಹೆಸರು. ಕನ್ನಡದಲ್ಲಿ ‘ಕೂಡಿಹಾಕುವವರು’ ಎನ್ನಬಹುದು. ಎ ಅಂಡ್ ಇ ಎಂಬ ವಾಹಿನಿಯವರು 2009ರ ಆಗಸ್ಟಿನಲ್ಲಿ ಆರಂಭಿಸಿದ್ದು. ಅದು ಜನಪ್ರಿಯವಾದದ್ದೇ ತಡ, ಮರುವರ್ಷವೇ ಟಿ.ಎಲ್.ಸಿ. ವಾಹಿನಿಯವರು ಅದೇ ಬಗೆಯ ಇನ್ನೊಂದನ್ನು ಹೊರಡಿಸಿದರು. ರಿಯಾಲಿಟಿ ಷೋ ಎನ್ನುತ್ತಾರಲ್ಲ, ಆ ಜಾತಿಯದು. ವೇಷ ಹಾಕಿದ ನಟರಿಲ್ಲ, ನಿಜವಾದ ಮನೆ, ನಿಜವಾದ ಜನ, ನಿಜವಾದ ಅಳು.

ಅದರ ಕ್ರಮ ಹೀಗೆ. ಹೊರಗಿನಿಂದ ಸಾಧಾರಣವಾಗಿ ಕಾಣುವ ಒಂದು ಮನೆ. ಬಾಗಿಲು ತೆರೆದರೆ ಎದೆಮಟ್ಟದ ರಾಶಿ. ಬಟ್ಟೆ, ಪತ್ರಿಕೆ, ಖಾಲಿ ಡಬ್ಬಿ, ಅಂಗಡಿಯಿಂದ ತಂದು ಬಿಚ್ಚದೆಯೇ ಇಟ್ಟ ಪೊಟ್ಟಣ, ಕೆಲವು ಕಡೆ ಕೊಳೆತ ಆಹಾರ. ಕ್ಯಾಮೆರಾ ಒಳಗೆ ನುಗ್ಗುವಾಗ ಭೂತದ ಸಿನಿಮಾಕ್ಕೆ ತಕ್ಕ ಸಂಗೀತ. ಮೇಲೆ ಒಂದು ಗಡುವು ಇರುತ್ತದೆ: ಇಂಥ ದಿನದೊಳಗೆ ಶುಚಿ ಮಾಡದಿದ್ದರೆ ಮನೆ ಬಿಡಬೇಕು, ಇಲ್ಲವೇ ಮಕ್ಕಳನ್ನು ಸರ್ಕಾರದವರು ಕರೆದುಕೊಂಡು ಹೋಗುತ್ತಾರೆ. ಆಮೇಲೆ ಒಬ್ಬ ಮನಶ್ಶಾಸ್ತ್ರಜ್ಞರು, ಒಬ್ಬ ಶುಚಿಕಾರ್ಯದ ಮೇಸ್ತ್ರಿ, ಹಿಂಡು ಆಳುಗಳು, ಸಾಲುಗಟ್ಟಿ ನಿಂತ ಲಾರಿಗಳು. ಎರಡು ಮೂರು ದಿನ ಸಾಮಾನು ಹೊರಕ್ಕೆ ಬೀಳುತ್ತದೆ. ಮನೆಯಾಕೆ ಯಾವುದೋ ಹರಕು ಗೊಂಬೆಯನ್ನು ಹಿಡಿದು ಬಿಡಲಾರೆ ಎನ್ನುತ್ತಾಳೆ, ಮಕ್ಕಳು ಅರಚುತ್ತಾರೆ. ಕೊನೆಗೆ ಒರೆಸಿದ ನೆಲ, ಬೆಳಕು ಬರುವ ಕಿಟಕಿ, ಅಪ್ಪುಗೆ. ಎಲ್ಲ ಮುಗಿದ ಮೇಲೆ ಕಪ್ಪು ತೆರೆಯಲ್ಲಿ ಒಂದೆರಡು ಸಾಲು ಬರಹ ಮೂಡುತ್ತದೆ. ಆಕೆ ಮುಂದೆ ಚಿಕಿತ್ಸೆಗೆ ಒಪ್ಪಿದಳೋ ಇಲ್ಲವೋ ಎಂಬ ಸಂಗತಿ. ಅದನ್ನು ನಾವು ಯಾರೂ ಓದಲಿಲ್ಲ. ಆ ಹೊತ್ತಿಗೆ ಚಹಾ ಬಂದಿತ್ತು.

“ಇದು ನಮ್ಮ ಅತ್ಯಾನ ಮನೀನೇ ಅದ!” ಎಂದು ಕೂಗಿದವನು ನಾನೇ. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಅತ್ತೆಯ ಮನೆಯೆಂದರೆ ಡೊಂಬಿವಲಿಯ ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯಲ್ಲಿ ಎರಡು ಕೋಣೆ, ಒಂದು ಗ್ಯಾಲರಿ. ಮಾಮಾ ರೈಲ್ವೆಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು. ಮಕ್ಕಳಿಲ್ಲ. ಮಾಮಾ ಇದ್ದಾಗಲೇ ಆ ಮನೆಯಲ್ಲಿ ಸಾಮಾನು ಒಂದು ಕೈ ಹೆಚ್ಚು. ಅವರು 2011ರಲ್ಲಿ ತೀರಿಕೊಂಡ ಮೇಲೆ ಅದು ಬೆಳೆಯತೊಡಗಿತು. ತೊಳೆದು ಒಣಗಿಸಿ ಮಡಿಸಿಟ್ಟ ಹಾಲಿನ ಚೀಲ, ಔಷಧದ ಖಾಲಿ ಪಟ್ಟಿ, ಸೀರೆ ಅಂಗಡಿಯ ರಟ್ಟಿನ ಡಬ್ಬಿ, ಮದುವೆ ಮುಂಜಿವೆಗಳ ಕರೆಯೋಲೆ, ಹಳೆಯ ಪಂಚಾಂಗ, ಹಾರ್ಲಿಕ್ಸ್ ಬಾಟಲಿ, ಸುತಳಿಯ ಉಂಡೆ, ಎಲ್ಲಕ್ಕೂ ಮಿಗಿಲಾಗಿ ವೃತ್ತಪತ್ರಿಕೆ. ಈ ನಮ್ಮ ಸಂಘದ ಪತ್ರಿಕೆಯ ಸಂಚಿಕೆಗಳೂ ಇದ್ದವು. ಸಂಪಾದಕರ ಕಚೇರಿಯಲ್ಲೇ ಇಲ್ಲದವು ಅಲ್ಲಿ ಇದ್ದಿರಬಹುದು. ನಡೆಯುವುದಕ್ಕೆ ಬಾಗಿಲಿನಿಂದ ಅಡಿಗೆಮನೆಯವರೆಗೆ ಒಂದು ಕಾಲುದಾರಿ. ಮಂಚದ ಮೇಲೆ ಗಂಟುಗಳು. ಆಕೆ ಮಲಗುತ್ತಿದ್ದುದು ಆ ಕಾಲುದಾರಿಯಲ್ಲೇ, ಚಾಪೆ ಹಾಸಿಕೊಂಡು.

ಇದನ್ನು ನಾವು ‘ಅತ್ಯಾನ ಸ್ವಭಾವ’ ಎಂದು ಕರೆದು ಸುಮ್ಮನಿದ್ದೆವು. ಕೂಡಿಡುವುದು ನಮ್ಮಂಥ ಮನೆಗಳಲ್ಲಿ ದೋಷವೇ ಅಲ್ಲ. ಊರು ಬಿಟ್ಟು ಒಂದು ಟ್ರಂಕು ಹಿಡಿದು ಬಂದು, ಬಾಡಿಗೆಯ ಒಂದು ಖೋಲಿಯಲ್ಲಿ ಆರು ಜನ ಬದುಕಿದ ತಲೆಮಾರಿಗೆ ಒಂದು ಸುತಳಿಯೂ ದೊಡ್ಡದು. ನಮ್ಮ ತಾಯಿಯವರೂ ಹಾಲಿನ ಚೀಲ ತೊಳೆದಿಟ್ಟು ತಿಂಗಳಿಗೊಮ್ಮೆ ಮಾರುತ್ತಿದ್ದರು. ಮಾರುತ್ತಿದ್ದರು, ಅದೇ ವ್ಯತ್ಯಾಸ. ಆದರೆ ಆ ವ್ಯತ್ಯಾಸ ನಮಗೆ ಆಗ ಹೊಳೆಯಲಿಲ್ಲ.

ಟೆಲಿವಿಷನ್ನಿನಲ್ಲಿ ಹೊಳೆದದ್ದು ಬೇರೆ. ‘ಎರಡು ದಿನದ ಕೆಲಸ’ ಎಂಬುದು. ಅದೇ ಡಿಸೆಂಬರಿನಲ್ಲಿ ಧಾರವಾಡದಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆ ಬಂತು. ಅತ್ತೆಯನ್ನು ನನ್ನಾಕೆಯ ಸಂಗಡ ಗಾಡಿ ಹತ್ತಿಸಿದೆವು. ಮದುವೆಗೆ ಒಂದು ದಿನ ತಡವಾಗಿ ಬರುತ್ತೇವೆಂದು ಸುಳ್ಳು ಹೇಳಿ ನಾನೂ ಮಗನೂ ಮುಂಬಯಿಯಲ್ಲೇ ಉಳಿದೆವು. ಪಕ್ಕದ ಮನೆಯಲ್ಲಿ ಆಕೆ ನಂಬಿ ಕೊಟ್ಟಿದ್ದ ಬೀಗದ ಕೈ ಇತ್ತು. ಒಂದು ಟೆಂಪೊ, ಇಬ್ಬರು ಆಳು, ರದ್ದಿವಾಲಾ ಒಬ್ಬ, ಭಂಗಾರವಾಲಾ ಒಬ್ಬ. ಟೆಂಪೊ ಮೂರು ಸಲ ತುಂಬಿ ಹೋಯಿತು. ಗೋಡೆಗೆ ಸುಣ್ಣ, ಮಂಚಕ್ಕೆ ಹೊಸ ಹಾಸಿಗೆ, ಕಿಟಕಿಗೆ ಹೂವಿನ ಪರದೆ. ಮಗ ‘ಮೊದಲು’ ಮತ್ತು ‘ಆಮೇಲೆ’ ಎಂದು ಚಿತ್ರ ತೆಗೆದು ಬಂಧುಗಳಿಗೆಲ್ಲ ವಾಟ್ಸಾಪಿನಲ್ಲಿ ಕಳಿಸಿದ. ಶಹಬ್ಬಾಸ್ ಎಂದು ಇಪ್ಪತ್ತು ಮೂವತ್ತು ಉತ್ತರ ಬಂದವು. ಧಾರವಾಡದ ಮದುವೆಯ ಚಪ್ಪರದಲ್ಲಿ ಆ ಚಿತ್ರಗಳು ಕೈಯಿಂದ ಕೈಗೆ ಓಡಾಡಿದವೆಂದೂ, ಅತ್ತೆ ಒಬ್ಬಳಿಗೆ ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತೆಂದೂ ನನ್ನಾಕೆ ಆಮೇಲೆ ಹೇಳಿದಳು. ಇಂದಿಗೂ ನನಗೆ ಹೆಚ್ಚು ನಾಚಿಕೆಯಾಗುವುದು ಇದಕ್ಕೆ.

ಅತ್ತೆ ಬಂದಳು. ಟೆಲಿವಿಷನ್ನಿನಲ್ಲಾದರೆ ಈ ಘಳಿಗೆಗೆ ಸಂಗೀತ ಬದಲಾಗುತ್ತದೆ. ಆಕೆ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲಿ ನಿಂತಳು. ಅಳಲಿಲ್ಲ, ಕೂಗಲಿಲ್ಲ. ಒಳಗೆ ಹೋಗಿ ಅಡಿಗೆಕಟ್ಟೆಯ ಕೆಳಗೆ ಬಗ್ಗಿ ನೋಡಿದಳು. ಗೋಡೆಯನ್ನು ಮುಟ್ಟಿದಳು. ಆಮೇಲೆ ನನ್ನ ಕಡೆ ತಿರುಗಿ, “ನಾ ಇನ್ನೂ ಸತ್ತಿಲ್ಲೋ ತಮ್ಮಾ. ಸತ್ತವರ ಮನಿ ಹೀಂಗ ತೊಳೀತಾರ” ಎಂದಳು.

ಅಂದಿನಿಂದ ಹನ್ನೊಂದು ತಿಂಗಳು ಆಕೆ ನಮ್ಮನ್ನು ಒಳಗೆ ಸೇರಿಸಲಿಲ್ಲ. ಪಕ್ಕದ ಮನೆಯಿಂದ ಬೀಗದ ಕೈ ಹಿಂದಕ್ಕೆ ತೆಗೆದುಕೊಂಡಳು. ಸಂಕ್ರಾಂತಿಗೆ ಎಳ್ಳು ಕೊಡಲು ಹೋದರೆ ಜಾಳಿಗೆಯ ಬಾಗಿಲಿನ ಸಂದಿಯಿಂದಲೇ ತೆಗೆದುಕೊಂಡಳು. 2023ರ ನವಂಬರಿನಲ್ಲಿ ಒಂದು ಬೆಳಿಗ್ಗೆ ನೆರೆಯವರು ಫೋನು ಮಾಡಿದರು. ರಾಶಿ ಜರಿದು ಮೈಮೇಲೆ ಬಿದ್ದು, ಮುಂಗೈ ಮುರಿದು, ರಾತ್ರಿಯೆಲ್ಲ ಆಕೆ ಎದ್ದೇಳಲಾರದೆ ಬಿದ್ದುಕೊಂಡಿದ್ದಳು. ಬಾಗಿಲು ಒಡೆಸಿ ಒಳಗೆ ಹೋದರೆ, ಮೊದಲಿದ್ದುದಕ್ಕಿಂತ ಎತ್ತರದ ರಾಶಿ. ಮೊದಲು ತನ್ನ ಮನೆಯದನ್ನು ಮಾತ್ರ ಬಿಡದೆ ಇಡುತ್ತಿದ್ದವಳು ಈ ಸಲ ಮಹಡಿಯ ಮೆಟ್ಟಿಲ ಕೆಳಗೆ ಜನ ಎಸೆದದ್ದನ್ನೂ ತಂದಿದ್ದಳು. ನಾವು ತೆಗೆದುಹಾಕಿದ್ದ ಜಾಗವನ್ನು ತುಂಬುವುದಕ್ಕೆ ಆಕೆಗೆ ಅವಸರವಾಗಿತ್ತು.

ಮೂಳೆಯ ವೈದ್ಯರು ಮನೆಯ ಸ್ಥಿತಿ ಕೇಳಿ, ಮನೋರೋಗದ ವೈದ್ಯೆಯೊಬ್ಬರ ಬಳಿಗೆ ಕಳಿಸಿದರು. ಆಕೆ ಇನ್ನೂ ಚಿಕ್ಕ ವಯಸ್ಸಿನವರು, ಮರಾಠಿಯವರು. ಅತ್ತೆಯ ಸಂಗಡ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ನಮ್ಮನ್ನು ಕರೆದು ಕೇಳಿದ್ದು ರಾಶಿ ಎಷ್ಟೆತ್ತರವೆಂದಲ್ಲ. ಒಲೆ ಹಚ್ಚಿ ಅಡಿಗೆ ಮಾಡಲು ಬರುತ್ತದೆಯೇ, ಮಂಚದ ಮೇಲೆ ಮಲಗಲು ಬರುತ್ತದೆಯೇ, ಸ್ನಾನದ ಕೋಣೆಯಲ್ಲಿ ಸ್ನಾನ ಮಾಡಲು ಬರುತ್ತದೆಯೇ ಎಂದು ಕೇಳಿದರು. ಕೊನೆಗೆ, “ಎಷ್ಟು ಸಲ ಖಾಲಿ ಮಾಡಿಸಿದ್ದೀರಿ?” ಎಂದರು. ಒಂದು ಸಲ ಎಂದೆ. “ಇನ್ನು ಮಾಡಿಸಬೇಡಿ” ಎಂದರು.

ಆಗ ತಿಳಿದದ್ದು, ಆಮೇಲೆ ನಾನಾಗಿ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ. ಈ ಕೂಡಿಹಾಕುವ ಕಾಯಿಲೆಯನ್ನು ಅಮೆರಿಕದ ಮನೋವೈದ್ಯರ ಸಂಘದವರು 2013ರಲ್ಲಿ ಹೊರತಂದ ತಮ್ಮ ರೋಗನಿರ್ಣಯದ ಗ್ರಂಥದ ಐದನೆಯ ಆವೃತ್ತಿಯಲ್ಲಿ ಮೊದಲ ಸಲ ಒಂದು ಪ್ರತ್ಯೇಕ ರೋಗವೆಂದು ಹೆಸರಿಸಿದರು. ಅಲ್ಲಿಯವರೆಗೆ ಅದು ಓಸಿಡಿ ಎಂಬ ಗೀಳು ರೋಗದ ಒಂದು ಮೂಲೆಯಲ್ಲಿ ಕುಳಿತಿತ್ತು. ಅಮೆರಿಕ, ಯೂರೋಪುಗಳಲ್ಲಿ ನೂರಕ್ಕೆ ಎರಡರಿಂದ ಆರು ಜನರಿಗೆ ಇದು ಇದ್ದೀತೆಂದು ಅದೇ ಗ್ರಂಥದ ಅಂದಾಜು. ಹದಿವಯಸ್ಸಿನಲ್ಲಿ ಸಣ್ಣಗೆ ಮೊದಲಾಗಿ, ವಯಸ್ಸಾದಂತೆ ಬಲಿಯುತ್ತದೆ. ಸಾವು ನೋವುಗಳಾದಾಗ ಉಲ್ಬಣಿಸುವುದುಂಟು. ಮುಖ್ಯವಾದ ಮಾತೆಂದರೆ, ರೋಗವಿರುವುದು ರಾಶಿಯಲ್ಲಲ್ಲ, ‘ಇದನ್ನು ಇಡಲೇ, ಬಿಡಲೇ’ ಎಂದು ತೀರ್ಮಾನ ಮಾಡುವ ಶಕ್ತಿಯಲ್ಲಿ. ರಾಶಿ ಅದರ ನೆರಳು ಮಾತ್ರ.

ಈ ಬಗ್ಗೆ ಡೇವಿಡ್ ಟೋಲಿನ್ ಮತ್ತು ಸಂಗಡಿಗರು 2012ರಲ್ಲಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಇಂಥ ರೋಗಿಗಳಿಗೆ ತಮ್ಮ ಮನೆಗೆ ಅಂಚೆಯಲ್ಲಿ ಬಂದ ಬೇಡದ ಕಾಗದಗಳನ್ನು ತರಲು ಹೇಳಿ, ಮಿದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿ, ಒಂದೊಂದೇ ಕಾಗದ ತೋರಿಸಿ, ಇಡುವುದೋ ಹರಿಯುವುದೋ ಎಂದು ಕೇಳಿದರು. ಹರಿ ಎಂದದ್ದನ್ನು ನಿಜವಾಗಿಯೂ ಹರಿದುಹಾಕಲಾಯಿತು. ಬೇರೆಯವರ ಕಾಗದವಾದರೆ ಮಿದುಳಿನ ತೀರ್ಮಾನದ ಕೆಲವು ಭಾಗಗಳು ಮಂಕಾಗಿಯೇ ಇದ್ದವು. ತಮ್ಮ ಕಾಗದ ಬಂದಾಗ ಅವೇ ಭಾಗಗಳು ಮಿತಿಮೀರಿ ಉರಿದವು. ಎಂದರೆ, ನಮಗೆ ರದ್ದಿ ಎನಿಸಿದ ಒಂದು ಚೀಟಿ ಅವರ ಪಾಲಿಗೆ ಹೊಣೆಗಾರಿಕೆಯ ದೊಡ್ಡ ಪ್ರಶ್ನೆ. ನಾವು ಎರಡು ದಿನದಲ್ಲಿ ಅಂಥ ಸಾವಿರಾರು ಪ್ರಶ್ನೆಗಳಿಗೆ ಆಕೆಯ ಪರವಾಗಿ ಉತ್ತರ ಕೊಟ್ಟುಬಿಟ್ಟಿದ್ದೆವು.

ಅತ್ತೆಯನ್ನು ಪತ್ರಿಕೆಗಳ ಬಗ್ಗೆ ಕೇಳಿದಾಗ ಆಕೆ ಹೇಳಿದ್ದು ಇಷ್ಟು: “ಓದದೇ ಇದ್ದದ್ದನ್ನ ಹ್ಯಾಂಗ ಒಗೀಲಿ? ಓದಿ ಒಗೀತೀನಿ.” ಮಾಮಾ ಹೋದ ಮೇಲೆ ಓದುವುದು ಹಿಂದೆ ಬಿತ್ತು, ಪತ್ರಿಕೆ ಬರುವುದು ನಿಲ್ಲಲಿಲ್ಲ. ಹನ್ನೆರಡು ವರ್ಷದ ಓದು ಬಾಕಿ ಇತ್ತು.

ಇದನ್ನು ಕೇಳಿದ ಮೇಲೆ ನ್ಯೂಯಾರ್ಕಿನ ಕೋಲಿಯರ್ ಸಹೋದರರ ಕಥೆ ಓದಿದಾಗ ನನಗೆ ಮೈ ಜುಮ್ಮೆಂದಿತು. ಹೋಮರ್ ಅಣ್ಣ, ಲ್ಯಾಂಗ್ಲಿ ತಮ್ಮ. ಹಾರ್ಲೆಮ್‌ನಲ್ಲಿ ಫಿಫ್ತ್ ಅವೆನ್ಯೂವಿನ ದೊಡ್ಡ ಮನೆ. ಅಣ್ಣನಿಗೆ ಕಣ್ಣು ಹೋಯಿತು. ಮುಂದೆ ದೃಷ್ಟಿ ಬಂದಾಗ ಅಣ್ಣ ಓದಿಕೊಳ್ಳಲಿ ಎಂದು ತಮ್ಮ ವರ್ಷಗಟ್ಟಲೆ ವೃತ್ತಪತ್ರಿಕೆ ಕೂಡಿಟ್ಟ. 1947ರ ಮಾರ್ಚಿನಲ್ಲಿ ಪೋಲೀಸರು ಕಿಟಕಿಯಿಂದ ನುಗ್ಗಿದಾಗ ಅಣ್ಣ ಸತ್ತು ಕುಳಿತಿದ್ದ. ತಮ್ಮನಿಗಾಗಿ ಊರೆಲ್ಲ ಹುಡುಕಿದರು. ಎರಡು ವಾರಕ್ಕೂ ಮೇಲ್ಪಟ್ಟು ರಾಶಿ ತೆಗೆದ ನಂತರ ಅಣ್ಣನಿಂದ ಹತ್ತೇ ಅಡಿ ದೂರದಲ್ಲಿ ಸಿಕ್ಕ. ಅಣ್ಣನಿಗೆ ಊಟ ಒಯ್ಯುವಾಗ, ಕಳ್ಳರಿಗೆಂದು ತಾನೇ ಹೂಡಿದ್ದ ಬಲೆ ಕುಸಿದು ಅವನ ಮೇಲೆ ಬಿದ್ದಿತ್ತು. ಮನೆಯಿಂದ ತೆಗೆದದ್ದು ನೂರು ಟನ್ನಿಗೂ ಹೆಚ್ಚು, ಪಿಯಾನೊಗಳೇ ಹದಿನಾಲ್ಕು. ಆಗ ಮನೆ ಮನೆಗೆ ಟೆಲಿವಿಷನ್ ಇರಲಿಲ್ಲ. ಆದರೂ ಆ ಬೀದಿಯಲ್ಲಿ ನೋಡುವುದಕ್ಕೆ ಸಾವಿರಾರು ಜನ ಕೂಡಿದ್ದರಂತೆ. ಪಿಯಾನೊಗಳ ಲೆಕ್ಕ ಎಲ್ಲರಿಗೂ ನೆನಪಿದೆ. ಕಣ್ಣು ಬಂದಾಗ ಓದಲಿ ಎಂಬ ಮಾತು ಎಷ್ಟು ಜನಕ್ಕೆ ನೆನಪಿದೆಯೋ!

ಮತ್ತೆ ಟೆಲಿವಿಷನ್ನಿಗೆ ಬರೋಣ. ‘ಹೋರ್ಡರ್ಸ್’ ಬಗ್ಗೆ ಕೆಟ್ಟದ್ದನ್ನೇ ಹೇಳಿದರೆ ನಾನು ಅನ್ಯಾಯ ಮಾಡಿದಂತಾದೀತು. ಅದು ಬರುವುದಕ್ಕೆ ಮುಂಚೆ ಈ ಕಾಯಿಲೆಗೆ ಒಂದು ಹೆಸರಿದೆಯೆಂಬುದೇ ಸಾಮಾನ್ಯ ಜನಕ್ಕೆ ಗೊತ್ತಿರಲಿಲ್ಲ. ಅದರಲ್ಲಿ ಕಾಣಿಸಿಕೊಳ್ಳುವ ಮನಶ್ಶಾಸ್ತ್ರಜ್ಞರು ನಿಜವಾದ ಮನಶ್ಶಾಸ್ತ್ರಜ್ಞರೇ. ಕಾರ್ಯಕ್ರಮ ಮುಗಿದ ಮೇಲೆ ಮುಂದಿನ ಚಿಕಿತ್ಸೆಗೆ ನೆರವನ್ನೂ ಒದಗಿಸುತ್ತಾರೆ. ಅಲ್ಲಿಯ ವೈದ್ಯರು ‘ನಿಧಾನ, ನಿಧಾನ, ಆಕೆಯೇ ತೀರ್ಮಾನಿಸಲಿ’ ಎಂದು ಹೇಳುವುದೂ ಉಂಟು. ಆದರೆ ಹಿಂದೆ ಲಾರಿ ನಿಂತಿದೆಯಲ್ಲ! ಲಾರಿಯ ಬಾಡಿಗೆ, ಕ್ಯಾಮೆರಾದ ಬಾಡಿಗೆ, ಒಂದು ಗಂಟೆಯ ಅವಧಿ, ಇವುಗಳ ಮುಂದೆ ವೈದ್ಯರ ‘ನಿಧಾನ’ ಏನು ಮಾಡೀತು?

ಈ ಕಾಯಿಲೆಯನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ರ‍್ಯಾಂಡಿ ಫ್ರಾಸ್ಟ್ ಮತ್ತು ಗೇಲ್ ಸ್ಟೆಕೆಟೀ ಎಂಬ ಇಬ್ಬರು ವಿದ್ವಾಂಸರು ರೂಪಿಸಿದ ಮಾತಿನ ಚಿಕಿತ್ಸೆಗೆ 26 ಬೈಠಕುಗಳು. ಸುಮಾರು ಒಂದು ವರ್ಷ. ಅದರಲ್ಲಿ ಮನೆಗೇ ಹೋಗಿ ಮಾಡುವ ಬೈಠಕುಗಳೂ ಸೇರಿವೆ. ಅಷ್ಟಾದ ಮೇಲೂ ಬಹಳ ಜನಕ್ಕೆ ಗುಣ ಕಾಣುತ್ತದೆಯೇ ಹೊರತು ರೋಗ ಪೂರ್ತಿ ಅಳಿದುಹೋಗುವುದಿಲ್ಲ. ಇದನ್ನು ಟೆಲಿವಿಷನ್ನಿನಲ್ಲಿ ತೋರಿಸಿದರೆ ಯಾರು ನೋಡುತ್ತಾರೆ, ಹೇಳಿ. ಒಬ್ಬಳು ಮುದುಕಿ ಒಂದು ಬಾಟಲಿಯನ್ನು ಕೈಯಲ್ಲಿ ಹಿಡಿದು ನಲವತ್ತು ನಿಮಿಷ ಕುಳಿತಿರುತ್ತಾಳೆ. ಕೊನೆಗೆ ಮತ್ತೆ ಕೆಳಗಿಡುತ್ತಾಳೆ. ಜಾಹೀರಾತು ಕೊಡುವವನು ಓಡಿಹೋಗುತ್ತಾನೆ. ಆದುದರಿಂದ ಅವರು ತೋರಿಸಬಲ್ಲದ್ದನ್ನು, ಎಂದರೆ ರಾಶಿಯನ್ನು, ರೋಗವೆಂದು ತೋರಿಸುತ್ತಾರೆ. ತೋರಿಸಬಲ್ಲದ್ದನ್ನು, ಎಂದರೆ ಲಾರಿಯನ್ನು, ಔಷಧವೆಂದು ತೋರಿಸುತ್ತಾರೆ. ಡೊಂಬಿವಲಿಗೆ ಟೆಂಪೊ ಬಂದದ್ದು ಆ ಪಾಠದಿಂದ.

ಇಂಗ್ಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2013ರಲ್ಲಿ ಚಾನೆಲ್ ಫೋರ್‌ನವರು, ಶುಚಿಯ ಗೀಳು ಹಿಡಿದವರನ್ನು ಕರೆತಂದು, ಹೊಲಸು ತುಂಬಿದವರ ಮನೆ ತೊಳೆಯಲು ಬಿಟ್ಟು, ಇದೊಂದು ವಿನೋದವೆಂಬಂತೆ ತೋರಿಸಿದರು. ಓಸಿಡಿ ರೋಗಿಗಳ ಪರವಾದ ಸಂಘದವರು ಆಕ್ಷೇಪಿಸಿದರು, ಷೋ ನಡೆಯಿತು. ಅದೇ ದೇಶದಲ್ಲಿ ಜೆರೆಮಿ ಕೈಲ್ ಎಂಬವರ ಕಾರ್ಯಕ್ರಮ 2005ರಿಂದ ಮನೆ ಮನೆಯ ಜಗಳಗಳನ್ನು ವೇದಿಕೆಗೆ ತಂದು ನಿಲ್ಲಿಸುತ್ತಿತ್ತು. ಇದು ಕರಡಿಯನ್ನು ಕಟ್ಟಿಹಾಕಿ ನಾಯಿ ಬಿಡುವ ಆಟವನ್ನು ಮನುಷ್ಯರ ಮೇಲೆ ಆಡಿದಂತೆ ಎಂಬರ್ಥದ ಮಾತನ್ನು 2007ರಲ್ಲಿ ಮ್ಯಾಂಚೆಸ್ಟರಿನ ನ್ಯಾಯಾಧೀಶರೊಬ್ಬರು ಆಡಿದರು. ಆದರೂ ಅದು ನಿಂತದ್ದು 2019ರ ಮೇ ತಿಂಗಳಲ್ಲಿ, ಅದರಲ್ಲಿ ಭಾಗವಹಿಸಿದ ಒಬ್ಬಾತ ಕೆಲವೇ ದಿನಗಳಲ್ಲಿ ತೀರಿಕೊಂಡ ಮೇಲೆ. 2021ರ ಏಪ್ರಿಲಿನಿಂದ ಅಲ್ಲಿಯ ಪ್ರಸಾರ ನಿಯಂತ್ರಕರಾದ ಆಫ್‌ಕಾಮ್‌ನವರು, ಭಾಗವಹಿಸುವವರ ಮನಸ್ಸಿನ ಕ್ಷೇಮವನ್ನೂ ವಾಹಿನಿಗಳು ನೋಡಿಕೊಳ್ಳತಕ್ಕದ್ದೆಂದು ನಿಯಮ ಮಾಡಿದ್ದಾರೆ.

ನಮ್ಮ ನಾಡಿನಲ್ಲಿಯೂ ಒಂದು ನೆನಪಿದೆ. ಹೆಗ್ಗಡದೇವನಕೋಟೆ ಕಡೆಯ ಕಾಡಿನ ಹಾಡಿಯೊಂದರ ಯುವಕನನ್ನು ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಎಂಬ ಷೋ ಪಟ್ಟಣಕ್ಕೆ ಕರೆತಂದು ಕುಣಿಸಿತು, ಅವನೇ ಗೆದ್ದ. ಸಿನಿಮಾದಲ್ಲಿ ನಾಯಕನೂ ಆದ. ಅನಂತರ ಮನಸ್ಸು ಅಸ್ವಸ್ಥವಾಯಿತು, ಅದೂ ಸುದ್ದಿಯಾಯಿತು. 2013ರ ನವಂಬರಿನಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿನಿಂದ ಬಿದ್ದು ತೀರಿಕೊಂಡ. ಮನಸ್ಸಿನ ಕಾಯಿಲೆಗೆ ಒಂದೇ ಕಾರಣವೆಂಬುದಿಲ್ಲ, ಒಂದು ಷೋ ಮೇಲೆ ಎಲ್ಲವನ್ನೂ ಹೊರಿಸುವುದೂ ಸರಿಯಲ್ಲ. ಆದರೆ ಅವನ ಪೇಟೆ ಕಾಣದ ಬೆರಗನ್ನು ನೋಡಿ ನಾವೆಲ್ಲ ನಕ್ಕದ್ದು ಸುಳ್ಳಲ್ಲ. ಅದೇ ಸಂಜೆಯ ನಗೆ ಮುಂದೆ ‘ಹುಚ್ಚ’ ಎಂಬ ಸುದ್ದಿಯಾಗಿ ಬಂದಾಗಲೂ ನಾವು ಅದೇ ಕುರ್ಚಿಯಲ್ಲಿ ಕುಳಿತು ನೋಡಿದೆವು.

‘ಅವರೇ ಒಪ್ಪಿ ಸಹಿ ಮಾಡಿರುತ್ತಾರಲ್ಲ’ ಎಂದು ನನ್ನ ಮಗ ಒಮ್ಮೆ ವಾದಿಸಿದ. ವಾರದೊಳಗೆ ಮನೆ ಬಿಡಬೇಕೆಂಬ ನೋಟೀಸು ಕೈಯಲ್ಲಿ ಹಿಡಿದವಳು, ಪುಕ್ಕಟೆಯಾಗಿ ಲಾರಿ ಕೊಡುತ್ತೇವೆ, ಕ್ಯಾಮೆರಾ ಬರುತ್ತದೆ ಎಂದರೆ ಸಹಿ ಮಾಡದೆ ಏನು ಮಾಡಿಯಾಳು? ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆ ಬಂದು 2018ರಲ್ಲಿ ಜಾರಿಯಾಯಿತು. ಮಾನಸಿಕ ಚಿಕಿತ್ಸಾಲಯದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಚಿತ್ರವನ್ನಾಗಲಿ ಸಮಾಚಾರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಪತ್ರಿಕೆ, ವಾಹಿನಿಗಳಿಗೆ ಕೊಡಕೂಡದೆಂದು ಅದರ 24ನೆಯ ಕಲಮು ಹೇಳುತ್ತದೆ. ಒಳ್ಳೆಯ ಮಾತೇ. ಚಿಕಿತ್ಸೆಯ ಬಾಗಿಲಿಗೆ ಇನ್ನೂ ಹೋಗದವರನ್ನು, ಅವರ ಸ್ವಂತ ಮನೆಯಲ್ಲೇ, ಸ್ವಂತ ಸೋದರಳಿಯನೇ ಚಿತ್ರ ತೆಗೆದು ನೆಂಟರಿಗೆಲ್ಲ ಹಂಚುವುದಕ್ಕೆ ಯಾವ ಕಲಮು ಅಡ್ಡ ಬಂದೀತು? ಒಂದು ವಾಹಿನಿಯ ಕೆಲಸವನ್ನು ನಮ್ಮ ಮನೆಯ ಫೋನೇ ಮಾಡಿತ್ತು.

ವಾಚಕರಲ್ಲಿ ಯಾರ ಮನೆಯಲ್ಲಾದರೂ ಇಂಥ ಒಬ್ಬರಿದ್ದರೆ ಉಪಯೋಗವಾದೀತೆಂದು ಒಂದು ಸಂಗತಿ ಹೇಳಿ ಮುಂದಕ್ಕೆ ಹೋಗುತ್ತೇನೆ. 2022ರ ಅಕ್ಟೋಬರಿನಿಂದ ಸರ್ಕಾರದವರು ಟೆಲಿ-ಮಾನಸ್ ಎಂಬ ಉಚಿತ ಫೋನ್ ಸೇವೆ ನಡೆಸುತ್ತಿದ್ದಾರೆ, ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೂ ಮಾತಾಡಬಹುದು. ಐವತ್ತು ವರ್ಷ ಮುಂಬಯಿಯಲ್ಲಿದ್ದು ಮರಾಠಿ, ಹಿಂದಿ ನೀರು ಕುಡಿದಂತೆ ಆಡುವ ನಮ್ಮ ಹಿರಿಯರಿಗೂ ಮನಸ್ಸಿನ ನೋವು ಬಾಯಿಗೆ ಬರುವುದು ತಾಯಿನುಡಿಯಲ್ಲೇ. ನಮ್ಮ ವೈದ್ಯೆಯ ಬಳಿ ಮೊದಲ ಮೂರು ಭೇಟಿಗಳಲ್ಲಿ ಅತ್ತೆ ಮರಾಠಿಯಲ್ಲಿ “ಸಗಳಂ ಠೀಕ್ ಆಹೆ” ಎಂದದ್ದು ಬಿಟ್ಟರೆ ಹೆಚ್ಚೇನೂ ಹೇಳಲಿಲ್ಲ. ನಾಲ್ಕನೆಯ ಸಲ ನನ್ನಾಕೆ ನಡುವೆ ಕುಳಿತು ಕನ್ನಡವನ್ನು ಮರಾಠಿಗೆ ದಾಟಿಸತೊಡಗಿದಳು. ಅಂದು ಮಾಮಾ ಹೋದ ದಿನದ ಮಾತು ಬಂತು. ಅಂದಿನ ಪತ್ರಿಕೆ ಬಾಗಿಲಲ್ಲೇ ಬಿದ್ದಿತ್ತಂತೆ. ಎತ್ತಿ ಒಳಗಿಟ್ಟದ್ದು ಯಾರೆಂಬುದು ಆಕೆಗೆ ನೆನಪಿಲ್ಲ. ಅದು ಮನೆಯಲ್ಲೇ ಎಲ್ಲೋ ಇದೆಯೆಂದು ಆಕೆ ತಿಳಿದಿದ್ದಳು. ನಾವು ಅದನ್ನೂ ಕಿಲೋ ಲೆಕ್ಕದಲ್ಲಿ ಮಾರಿದ್ದೆವು.

ಈಗ ಭಾನುವಾರ ಸಂಜೆ ನಾಲ್ಕಕ್ಕೆ ನಾನು ಹೋಗುತ್ತೇನೆ. ವೈದ್ಯೆ ಹಾಕಿಕೊಟ್ಟ ಕಟ್ಟಳೆಗಳು ಕೆಲವಿವೆ. ಅರ್ಧ ಗಂಟೆ ಮಾತ್ರ. ಒಂದು ಸಲಕ್ಕೆ ಒಂದೇ ಗಂಟು. ನಾನು ಯಾವುದನ್ನೂ ಮುಟ್ಟಕೂಡದು. ಆಕೆ ಕೈಗೆ ಕೊಟ್ಟರೆ ಮಾತ್ರ ಚೀಲಕ್ಕೆ ಹಾಕುವುದು. ‘ಇದು ಯಾತಕ್ಕ’ ಎಂದು ಕೇಳಕೂಡದು. ಈ ಕೊನೆಯದನ್ನು ಪಾಲಿಸುವುದು ನನಗೆ ಬಹಳ ಕಷ್ಟವಾಯಿತು. ಎರಡು ಸಲ ತಪ್ಪಿ, ಎರಡು ಸಲವೂ ಆಕೆ ಗಂಟು ಕಟ್ಟಿ ಮೇಲೆದ್ದಳು. ಮಗನೂ ಒಮ್ಮೊಮ್ಮೆ ಬರುತ್ತಾನೆ, ಫೋನನ್ನು ಚಪ್ಪಲಿಯ ಹತ್ತಿರ ಇಟ್ಟು. ಒಂದೂವರೆ ವರ್ಷದಲ್ಲಿ ಮಂಚ ಬಿಡುವಾಗಿದೆ, ಒಲೆಯ ಎಡಬದಿ ಬಿಡುವಾಗಿದೆ. ಗ್ಯಾಲರಿ ಹಾಗೆಯೇ ಇದೆ. ನಡುವೆ ಒಂದು ತಿಂಗಳು ಆಕೆಗೆ ಮೈಸರಿಯಿಲ್ಲದೆ, ತೆಗೆದದ್ದಕ್ಕಿಂತ ಬಂದದ್ದೇ ಹೆಚ್ಚಾಗಿತ್ತು. ವೈದ್ಯೆಗೆ ಹೇಳಿದರೆ, ಹಾಗಾಗುವುದುಂಟು ಎಂದರು.

ಹೋದ ಭಾನುವಾರ ಕರೆಯೋಲೆಗಳ ಗಂಟು ಬಿಚ್ಚಿದೆವು. ಮೂವತ್ತೊಂದು ಇದ್ದವು. ಒಂದೊಂದನ್ನೂ ಓದಿದಳು, ಯಾರ ಮಗಳು, ಯಾವ ಊರಿಗೆ ಕೊಟ್ಟರು, ಊಟಕ್ಕೆ ಏನಿತ್ತು, ಯಾರು ಸಿಟ್ಟಾಗಿ ಎದ್ದುಹೋದರು. ಹುಬ್ಬಳ್ಳಿಯ ಮದುವೆಯೊಂದರಲ್ಲಿ ನಾನು ಆರು ವರ್ಷದವನಾಗಿ ಕಳೆದುಹೋಗಿ ಬಾಜಿನವರ ಜೊತೆ ಸಿಕ್ಕ ಕಥೆ ನನಗೇ ಗೊತ್ತಿರಲಿಲ್ಲ. ಒಂಬತ್ತು ಓಲೆ ನನ್ನ ಕೈಗೆ ಬಂದವು. ಇಪ್ಪತ್ತೆರಡನ್ನು ಮತ್ತೆ ಕಟ್ಟಿದಳು, ಸುತಳಿಯಿಂದ. ಆಮೇಲೆ ಹಾಲಿನ ಚೀಲಗಳ ಕಡೆ ನೋಡಿ, “ಅದು ಮುಂದಿನ ವಾರ. ಇವತ್ತ ಸಾಕು, ಚಹಾ ಕುಡಿದು ಹೋಗು” ಎಂದಳು. ಒಲೆಯ ಎಡಬದಿಯಲ್ಲಿ ನಿಂತು ಆಕೆಯೇ ಚಹಾ ಮಾಡಿದಳು.